ಉರಿಬಿಸಿಲಿನಲ್ಲಿ ಮನೆ ನೋಡಿದ್ದು

ಯಾದಗಿರಿಯಲ್ಲಿ ಬೇಸಿಗೆಯ ಮಧ್ಯಾಹ್ನ ಯಾರೂ ಮನೆ ನೋಡಲು ಹೋಗುವುದಿಲ್ಲ. ಮಾರುವವರಿಗೂ ಬೇಕಾದದ್ದು ಅದೇ. ಶಾಲೆಯ ಟೀಚರ್ ಪಂಚಶೀಲಾ ಮಾತ್ರ ಹಟ ಹಿಡಿದು, ಮೇ ತಿಂಗಳ ಉರಿಬಿಸಿಲಿನಲ್ಲೇ ಗಂಡ ಬುದ್ಧಪ್ರಿಯನನ್ನು ಹೊಸ ಬಡಾವಣೆಗೆ ಎಳೆತಂದಿದ್ದಳು. ಅವಳ ಹೆಗಲ ಮೇಲೆ ಎರಡು ವರ್ಷದ ಮಗಳು ಮಲಗಿದ್ದಳು. ಹೋದ ಬೇಸಿಗೆ ಬಾಡಿಗೆಯ ತಗಡಿನ ಮನೆಯಲ್ಲಿ ಝಳ ಬಡಿದು ಕೂಸು ಕಣ್ಣು ಮೇಲೆ ಮಾಡಿತ್ತು. ಆಸ್ಪತ್ರೆಯಲ್ಲಿ ಅದು ಮತ್ತೆ ಅಳುವವರೆಗೆ ತಾಯಿಯ ಜೀವದಲ್ಲಿ ಜೀವ ಇರಲಿಲ್ಲ. ಇನ್ನೊಂದು ಬೇಸಿಗೆ ಹಾಗಾದರೆ ತಾನು ಉಳಿಯುವುದಿಲ್ಲ ಎಂದೇ ಅವಳಿಗೆ ಅನಿಸಿತ್ತು.

ದಲಾಲಿ ಅಂಬ್ರಪ್ಪ ಬಾಗಿಲು ತೆಗೆದದ್ದೇ ತಡ, ತಣ್ಣನೆಯ ಗಾಳಿ ಮುಖಕ್ಕೆ ಬಂತು. ಮಹಾಶಯ ಮೊದಲೇ ಬಂದು ಎಸಿ ಹಾಕಿಟ್ಟಿದ್ದ.

“ಐದು ಸ್ಟಾರ್ ಅದರಿ ಟೀಚರ.”

“ಎಸಿಗೋ, ಮನಿಗೋ? ಅದನ್ನ ಬಂದ್ ಮಾಡ್ರಿ,” ಎಂದಳು ಪಂಚಶೀಲಾ.

ಎಸಿ ನಿಂತಿತು. ಅಂಬ್ರಪ್ಪ ಕೀಲಿಗೊಂಚಲು ತಿರುವಿದ, ಬುದ್ಧಪ್ರಿಯ ಅತ್ತಿಂದಿತ್ತ ಅಡ್ಡಾಡಿದ. ಪಶ್ಚಿಮದ ಗೋಡೆಗೆ ಅಂಗೈ ಇಟ್ಟ ಪಂಚಶೀಲಾ ಕಾದ ಹಂಚು ಮುಟ್ಟಿದವಳಂತೆ ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಕಾವು ಕೋಣೆಯೊಳಗೆ ಇಳಿದುಬಂತು. ಮಗಳು ಎಚ್ಚರಗೊಂಡು ಕೊಸರಾಡತೊಡಗಿದಳು, ಕತ್ತಿನ ತುಂಬ ಬೆವರು.

“ಸಂಜಿಗಿ ಇನ್ನೊಬ್ರು ಬರ್ತಾರಂತ. ಈಗೇ ಹೂಂ ಅಂದುಬಿಡೂಣು,” ಎಂದ ಬುದ್ಧಪ್ರಿಯ.

“ಕರೆಂಟ್ ಹೋದಾಗ ಕೂಸಿನ್ನ ಎಲ್ಲಿ ಮಲಗಸ್ಲಿ, ಅದನ್ನ ಹೇಳ್ರಿ ಮೊದಲ.”

ಅವಳು ಹೊರಗೆ ಬಂದಳು. ರಸ್ತೆಯಾಚೆ ಧೂಳು ಹಿಡಿದ ಇನ್ನೊಂದು ಹೊಸ ಮನೆ ಕಂಡಿತು. ಕೇಳಿದ್ದಕ್ಕೆ ಅಂಬ್ರಪ್ಪ ಮುಖ ಹುಳ್ಳಗೆ ಮಾಡಿದ.

“ಅದು ದಕ್ಷಿಣದ ಬಾಗಿಲರಿ. ಯಾರೂ ತೊಗೊಳಂಗಿಲ್ಲ.”

“ತೆಗೀರಿ, ನೋಡ್ತೀನಿ.”

ಒಳಗೆ ಫ್ಯಾನೂ ಇರಲಿಲ್ಲ. ಆದರೆ ಪಶ್ಚಿಮಕ್ಕೆ ಪಕ್ಕದವರ ಎತ್ತರದ ಮನೆ ಒತ್ತಿ ನಿಂತು ಬಿಸಿಲನ್ನೆಲ್ಲ ತಾನೇ ತಡೆದಿತ್ತು. ಅರ್ಧಕ್ಕೆ ಬಿಟ್ಟ ಮೇಲ್ಮಹಡಿ ಮಾಳಿಗೆಗೆ ನೆರಳಾಗಿತ್ತು. ಗೋಡೆ ಮುಟ್ಟಿದರೆ ಹಿತವಾಗಿತ್ತು. ಪಂಚಶೀಲಾ ನೆಲದ ಮೇಲೆ ಕೂತು, ಸೆರಗು ಹಾಸಿ ಮಗಳನ್ನು ಮಲಗಿಸಿದಳು. ಕೊಸರಾಟ ನಿಂತಿತು.

ದಿಕ್ಕು, ಮುಹೂರ್ತ ಎಲ್ಲ ಬೊಗಳೆ ಎಂದು ಸಭೆಯಲ್ಲಿ ಭಾಷಣ ಬಿಗಿಯುವ ಬುದ್ಧಪ್ರಿಯ ಈಗ ಬಾಗಿಲಲ್ಲೇ ನಿಂತು ಗೊಣಗಿದ.

“ಜನ ಏನಂತಾರ?”

ಪಂಚಶೀಲಾಳಿಗೆ ಸಿಟ್ಟು ನೆತ್ತಿಗೇರಿತು. “ಹೋದ ವರ್ಷ ಆ ಜನ ಆಸ್ಪತ್ರಿಗಿ ಬಂದಿದ್ರೇನು?”

ಅವನು ಒಳಗೆ ಬಂದು ಮಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕತ್ತಿನಡಿ ಕೈ ಇಟ್ಟ. ಬೆವರು ಆರಿತ್ತು, ಉಸಿರು ನಿದ್ದೆಯಲ್ಲಿ ಸಮನಾಗಿ ಏರಿಳಿಯುತ್ತಿತ್ತು. ಕೈ ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ.

“ಅಂಬ್ರಪ್ಪಣ್ಣ,” ಎಂದ ಮೆಲ್ಲಗೆ, “ಸಂಜಿಗಿ ಬರೋರಿಗಿ ಈ ಮನಿ ತೋರಸಬ್ಯಾಡ.”