ಒರೆಸಿದರೂ ಹೋಗದ ಬಣ್ಣ

ಪೇಂಟ್ ಮೇಸ್ತ್ರಿಯನ್ನು ಕಟ್ಟಿಕೊಂಡವಳಿಗೆ ಗಂಡನ ನಿಜವಾದ ಮೈಬಣ್ಣ ಯಾವುದೆಂದು ಗೊತ್ತಾಗಲು ವರ್ಷಗಳೇ ಬೇಕು. ಮೇಸ್ತ್ರಿಯ ಹೆಂಡತಿ, ಮನೆಯಲ್ಲೇ ಪರದೆ ಹೊಲಿಯುವ ಹೊಲಿಗೆಯಕ್ಕ, ಬೀದಿಯವರ ಮುಂದೆ ಹಾಗೆಂದು ನಗೆಯಾಡುವುದಿತ್ತು. ಸುಳ್ಳೇನಲ್ಲ ಬಿಡಿ. ನಲವತ್ತು ವರ್ಷ ಊರಿನ ಗೋಡೆ, ಗೇಟು, ಕಿಟಕಿ, ನೀರಿನ ಟ್ಯಾಂಕುಗಳಿಗೆಲ್ಲ ಬಣ್ಣ ಬಳಿದ ಮನುಷ್ಯ ಆತ. ಒಂದು ಸಂಜೆ ಹಸಿರು ಹುಬ್ಬು, ಇನ್ನೊಂದು ಸಂಜೆ ಕೆಂಪು ಕಿವಿ ಹೊತ್ತುಕೊಂಡು ಮನೆಗೆ ಬಂದರೆ, ಅಕ್ಕ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ಪರದೆ ಬಟ್ಟೆಯ ಚಿಂದಿಯೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಿತ್ತಲ ಮೆಟ್ಟಿಲ ಮೇಲೆ ಅವನನ್ನು ಕೂರಿಸಿಕೊಂಡು ಉಜ್ಜುತ್ತಿದ್ದಳು. ಉಜ್ಜುವಾಗ ಬೈಯುತ್ತಿದ್ದಳು. ಬೈಯದೆ ಉಜ್ಜಿದರೆ ಪೇಂಟು ಬಿಡುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ.

ಈಚೆಗೆ ಬೈಯಲು ಅಷ್ಟೊಂದು ಅವಕಾಶವಿರಲಿಲ್ಲ. ನೀರಲ್ಲಿ ತೊಳೆದರೆ ಹೋಗುವ ಪೇಂಟುಗಳು ಬಂದಿದ್ದವು. ಅರವತ್ತು ದಾಟಿದ ಮೇಲೆ ಮೇಸ್ತ್ರಿ ಏಣಿ ಹತ್ತುವುದನ್ನು ಕಡಿಮೆ ಮಾಡಿ, ಕೆಳಗೆ ನಿಂತು ಹುಡುಗರ ಮೇಲೆ ರೇಗುವ ಕೆಲಸ ಹಿಡಿದಿದ್ದ. ಅಪರೂಪಕ್ಕೊಮ್ಮೆ ಗೇಟಿಗೆ ಎನಾಮಲ್ ಬಳಿದಾಗ ಮಾತ್ರ ಸೀಮೆಎಣ್ಣೆ ಬಾಟಲಿ ಹೊರಗೆ ಬರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅವನ ಬಲಗಣ್ಣಿನ ಪಕ್ಕದಲ್ಲಿ, ಕೆನ್ನೆಯ ಮೂಳೆಯ ಮೇಲೆ, ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯೊಂದು ಅವಳ ಕಣ್ಣಿಗೆ ಬಿತ್ತು. ಎನಾಮಲ್ ಹನಿಯಂತೆಯೇ ಮಿರಿಮಿರಿ ಮಿಂಚುತ್ತಿತ್ತು.

"ಇದ್ಯಾವ ಪೇಂಟ್ ರೀ?"

"ಯಾವುದೋ ಗೇಟಿಂದು ಇರ್ಬೇಕು."

ಅಕ್ಕ ಉಜ್ಜಿದಳು. ಹೋಗಲಿಲ್ಲ. ಮಾರನೆಯ ದಿನವೂ ಉಜ್ಜಿದಳು. ಒಮ್ಮೊಮ್ಮೆ ಮೇಲಿನ ಪದರ ಎದ್ದು ಬಂದು, ಇನ್ನೇನು ಹೋಯಿತು ಎನ್ನುವಷ್ಟರಲ್ಲಿ ವಾರದೊಳಗೆ ಮತ್ತೆ ಹಾಜರು. ಅವಳಿಗೂ ಹಟ ಬಂತು. "ನಾನೋ ಇದೋ ನೋಡೇಬಿಡೋಣ" ಎಂದು ದಿನಾ ಸಂಜೆ ಸೀಮೆಎಣ್ಣೆ ಹಿಡಿದು ಕೂತಳು. ಮೇಸ್ತ್ರಿ ಕಣ್ಣು ಮುಚ್ಚಿ ಮುಖ ಒಡ್ಡಿ ಕೂತಿರುತ್ತಿದ್ದ. ಹೀಗೇ ಒಂದೂವರೆ ವರ್ಷ ನಡೆಯಿತೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಪೇಂಟಿನವರ ಮನೆಯಲ್ಲಿ ಗಂಡನ ಮುಖದ ಮೇಲೆ ಹೊಸ ಕಲೆ ಬಂದರೆ ಅದು ಪೇಂಟಲ್ಲದೆ ಬೇರೇನಾದರೂ ಇರಬಹುದೆಂದು ಯಾರಿಗೆ ಹೊಳೆಯುತ್ತದೆ?

ಒಂದು ದಿನ ಮೇಸ್ತ್ರಿ ಏಣಿಯ ಕೊನೆಯ ಮೆಟ್ಟಿಲು ತಪ್ಪಿ ಮಂಡಿ ಉಳುಕಿಸಿಕೊಂಡ. ಮೂರು ವಾರ ಮನೆಯಲ್ಲೇ ಕೂತ. ಅದೇ ಸಮಯಕ್ಕೆ ಅಕ್ಕನಿಗೆ ಹೊಸ ಕನ್ನಡಕ ಬಂತು. ಬೆಳಗಿನ ಬೆಳಕಿನಲ್ಲಿ ಮಲಗಿದ್ದ ಗಂಡನನ್ನು ಅದರಲ್ಲಿ ಮೊದಲ ಸಲ ನೋಡಿದವಳು ಅಲ್ಲೇ ನಿಂತುಬಿಟ್ಟಳು. ಅಯ್ಯೋ, ಯಾವಾಗ ಇಷ್ಟು ಮುದುಕರಾದರು ಇವರು? ಕತ್ತಿನ ಹಿಂದಿನ ಚರ್ಮ ದಪ್ಪಗಾಗಿ ಅಡ್ಡಡ್ಡ ಗೆರೆ ಬಿದ್ದಿತ್ತು. ಮುಂಗೈ ಚರ್ಮ ತೆಳ್ಳಗೆ ಕಾಗದದಂತಾಗಿ ನರಗಳೆಲ್ಲ ಕಾಣುತ್ತಿದ್ದವು. ಹಣೆಯ ಮೇಲೆ ಕಂದು ಮಚ್ಚೆಗಳು, ಕಣ್ಣಿನ ಸುತ್ತ ಸುಕ್ಕು. ಆದರೆ ಅಂಗಿ ಸರಿದಿದ್ದ ಭುಜ ಮಾತ್ರ ಮದುವೆಯಾದ ಹೊಸತರಲ್ಲಿ ನೋಡಿದ ಹಾಗೆಯೇ ನಯವಾಗಿತ್ತು. ಅವಳಿಗೆ ಎಲ್ಲಿಲ್ಲದ ಮುದ್ದು ಉಕ್ಕಿತು. ಎಬ್ಬಿಸಿ ಹೇಳಿದರೆ ತಲೆ ಮೇಲೆ ಕೂರುತ್ತಾರೆಂದು ಸುಮ್ಮನಾದಳು.

ಆಗಲೇ ದಿಂಬಿನ ಚೀಲದ ಮೇಲೆ ಒಂದು ಚುಕ್ಕೆ ರಕ್ತ ಕಂಡದ್ದು.

ಬಗ್ಗಿ ನೋಡಿದಳು. ಸಾಸಿವೆ ಕಾಳು ಈಗ ಹೆಸರುಕಾಳಾಗಿತ್ತು. ಸುತ್ತಲಿನ ಅಂಚು ಮುತ್ತಿನ ಹೊಳಪಿನಲ್ಲಿ ಎದ್ದು, ನಡುವೆ ಗುಳಿಬಿದ್ದು, ಗುಳಿಯಲ್ಲಿ ರಕ್ತ ಜಿನುಗಿ ಒಣಗಿತ್ತು. ಮೂರು ವಾರದಿಂದ ಇವರು ಬ್ರಷ್ಷೇ ಮುಟ್ಟಿಲ್ಲವಲ್ಲ ಎಂದು ಆಗ ನೆನಪಾಯಿತು. ಪೇಂಟಲ್ಲ ಇದು. ಯಾವತ್ತೂ ಪೇಂಟಾಗಿರಲಿಲ್ಲ. ಜೀವವಿರುವ ಚರ್ಮವನ್ನು ತಾನು ಒಂದೂವರೆ ವರ್ಷ ಸೀಮೆಎಣ್ಣೆ ಹಾಕಿ ಉಜ್ಜಿದ್ದೇನೆ.

ಡಾಕ್ಟರ ಹೆಸರೆತ್ತಿದರೆ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೆ ಅಕ್ಕ ಉಪಾಯ ಹೂಡಿದಳು. "ನನ್ನ ಕೈಗೆ ಏನೋ ಕಡಿತ, ಚರ್ಮದ ಡಾಕ್ಟರಿಗೆ ತೋರಿಸ್ಬೇಕು, ಒಬ್ಳೇ ಹೋಗೋಕೆ ಭಯ" ಎಂದಳು. ಊರಿಗೆಲ್ಲ ಜೋರು ಮಾಡುವ ಈ ಹೆಂಗಸಿಗೆ ಭಯವೆಂದರೆ ಯಾರಾದರೂ ನಗಬೇಕು. ಮೇಸ್ತ್ರಿ ನಗಲಿಲ್ಲ. ಕುಂಟುತ್ತಲೇ ಹೊರಟ.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಅಕ್ಕನ ಕೈ ಹಿಡಿದು ತಿರುಗಿಸಿ ನೋಡಿ, "ಏನೂ ಇಲ್ಲವಲ್ಲಮ್ಮ" ಎಂದಳು.

"ನನಗೇನೂ ಇಲ್ಲ. ಇವರ ಮುಖ ನೋಡಿ."

"ಮೋಸ ಕಣೆ ಇದು!" ಎಂದು ಮೇಸ್ತ್ರಿ ಎದ್ದ. ಮಂಡಿ ಚುಳುಕ್ಕೆಂದಿತು, ಮತ್ತೆ ಕೂತ.

ಡಾಕ್ಟರಮ್ಮ ದೀಪವಿರುವ ಪುಟ್ಟ ಮಸೂರವೊಂದನ್ನು ಕಲೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಿ ಬಿಚ್ಚಿಸಿ ಬೆನ್ನು, ತೋಳು, ಕಿವಿಯ ಹಿಂಭಾಗ, ಚಪ್ಪಲಿ ತೆಗೆಸಿ ಅಂಗಾಲು, ಉಗುರು, ಒಂದನ್ನೂ ಬಿಡಲಿಲ್ಲ. "ಇದು ವಯಸ್ಸಿನ ಮಚ್ಚೆ, ಏನೂ ಮಾಡಲ್ಲ. ಬೆನ್ನ ಮೇಲೆ ಮೇಣ ಅಂಟಿಸಿದ ಹಾಗಿರೋ ಈ ಗಂಟೂ ವಯಸ್ಸಿಂದೇ, ಭಯ ಬೇಡ." ಮೊಣಕೈಯ ಹತ್ತಿರ ಮಸೂರ ನಿಂತಿತು. ಅಕ್ಕನ ಉಸಿರೂ ನಿಂತಿತು. ಡಾಕ್ಟರಮ್ಮ ಉಗುರಿನಿಂದ ಕೆರೆದು, "ಇದು ಪೇಂಟು" ಎಂದಳು.

"ನೀಲಿ. ಶಾಲೆ ಕಿಟಕೀದು," ಎಂದ ಮೇಸ್ತ್ರಿ ಥಟ್ಟನೆ.

"ಭುಜ ನೋಡಿ, ಕತ್ತು ನೋಡಿ," ಎಂದಳು ಡಾಕ್ಟರಮ್ಮ. "ಎರಡಕ್ಕೂ ಅರವತ್ತಮೂರೇ ವರ್ಷ. ವಯಸ್ಸಾದ ಹಾಗೆ ಚರ್ಮ ತೆಳ್ಳಗಾಗುತ್ತೆ, ಒಣಗುತ್ತೆ, ಬಿಗಿ ಕಳ್ಕೊಳ್ಳುತ್ತೆ. ಅದು ಎಲ್ಲರಿಗೂ ಇದ್ದಿದ್ದೇ. ಆದ್ರೆ ಈ ಸುಕ್ಕಲ್ಲಿ, ಈ ಕಲೆಗಳಲ್ಲಿ ಮುಕ್ಕಾಲು ಪಾಲು ವಯಸ್ಸಿಂದಲ್ಲ, ಬಿಸಿಲಿಂದು."

"ಪಡುವಣ ಗೋಡೆ ಇದ್ದ ಹಾಗೆ," ಎಂದ ಮೇಸ್ತ್ರಿ. "ಎಷ್ಟು ಕೋಟ್ ಹೊಡೆದ್ರೂ ಆ ಕಡೇದೇ ಮೊದಲು ಬಿರಿಯೋದು."

"ಅದೇ ನೋಡಿ. ಈ ಕಣ್ಣಿನ ಪಕ್ಕದ್ದು ನಂಗೆ ಸರಿ ಕಾಣ್ತಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಎಷ್ಟು ದಿನದಿಂದ ಇದೆ?"

ಅಕ್ಕ ತುಟಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದ: "ಎರಡು ತಿಂಗಳು."

ಅವಳು ಗಂಡನ ಕಡೆ ನೋಡಿದಳು. ಅವನು ಗೋಡೆಯ ಬಣ್ಣ ನೋಡುತ್ತಿದ್ದ.

ಫಲಿತಾಂಶಕ್ಕೆ ಒಂದು ವಾರ ಕಾಯಬೇಕಾಗಿತ್ತು. ಆ ವಾರ ಹೊಲಿಗೆಯಕ್ಕ ಒಂದು ಪರದೆಯನ್ನು ಉಲ್ಟಾ ಹೊಲಿದಳು, ಇನ್ನೊಂದನ್ನು ಒಂದು ಗೇಣು ಗಿಡ್ಡ ಕತ್ತರಿಸಿದಳು. ಅದು ಕೆಟ್ಟದ್ದೇ ಆಗಿದ್ದರೆ ತಂದದ್ದು ತಾನೇ. ಅಷ್ಟು ಉಜ್ಜಿದರೆ ಕಲ್ಲೂ ಹುಣ್ಣಾಗುತ್ತದೆ. ನಲವತ್ತು ವರ್ಷ ಏಣಿ ಹತ್ತಿಳಿದು ಬದುಕಿದ ಮನುಷ್ಯನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ತಾನೇ ಕೈಯಾರೆ ಕೊಂದೆನೇ? ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಕೆನ್ನೆಗೆ ಪಟ್ಟಿ ಹಚ್ಚಿಕೊಂಡು ಅವನು ಪಾಪದ ಮಗುವಿನಂತೆ ಕೂತಿರುವುದನ್ನು ಕಂಡರೆ ಮಾತು ಒಳಗೇ ಇಂಗುತ್ತಿತ್ತು. ಪಾಪಿ ನಾನು ಎಂದುಕೊಂಡು ಅವನಿಗೆ ಎರಡು ಸಲ ಚಹಾ ಮಾಡಿ ಕೊಟ್ಟಳು. ಎರಡರಲ್ಲೂ ಸಕ್ಕರೆ ಮರೆತಿದ್ದಳು. ಅವನು ಕುಡಿದು ಚೆನ್ನಾಗಿದೆ ಎಂದ.

ಎಂಟನೆಯ ದಿನ ಡಾಕ್ಟರಮ್ಮ ಕಾಗದ ಮುಂದಿಟ್ಟುಕೊಂಡು ಸುತ್ತಿ ಬಳಸದೆ ಹೇಳಿದಳು. "ಇದು ಚರ್ಮದ ಕ್ಯಾನ್ಸರ್."

ಅಕ್ಕ ಗಂಡನ ಅಂಗಿಯ ತೋಳು ಹಿಡಿದುಕೊಂಡಳು. ಮೇಸ್ತ್ರಿ ಮಾತ್ರ, "ನಮ್ಮಂಥ ಕಪ್ಪು ಚರ್ಮದವರಿಗೆ ಅದೆಲ್ಲ ಬರಲ್ಲ ಅಂತಾರಲ್ಲ?" ಎಂದ.

"ಕಡಿಮೆ ಬರುತ್ತೆ ಅಷ್ಟೇ. ಬರೋದೇ ಇಲ್ಲ ಅಂದ್ಕೊಂಡೇ ತಡ ಮಾಡ್ಕೋತಾರೆ. ಪೂರ್ತಿ ಕೇಳಿ ಮೊದಲು. ಇದರಲ್ಲಿ ಜಾತಿಗಳಿವೆ. ನಿಮಗೆ ಬಂದಿರೋದು ಬೇಸಲ್ ಸೆಲ್ ಅನ್ನೋದು, ತುಂಬಾ ನಿಧಾನದ್ದು. ಬೇರೆ ಕಡೆ ಹರಡೋದು ಅಪರೂಪ. ಮೆಲನೋಮಾ ಅಂತ ಇನ್ನೊಂದಿದೆ, ಅದಾಗಿದ್ರೆ ನಾನು ಇಷ್ಟು ನೆಮ್ಮದಿಯಾಗಿ ಮಾತಾಡ್ತಿರಲಿಲ್ಲ. ಆದ್ರೆ ಇದನ್ನೂ ಬಿಟ್ರೆ ಒಳಗೊಳಗೇ ತಿನ್ಕೊಂಡು ಹೋಗುತ್ತೆ, ಕಣ್ಣು ಪಕ್ಕದಲ್ಲೇ ಇದೆ. ಸುತ್ತ ಸ್ವಲ್ಪ ಒಳ್ಳೇ ಚರ್ಮನೂ ಸೇರಿಸಿ ಕತ್ತರಿಸಿ ತೆಗೀಬೇಕು. ಎಷ್ಟು ಆಳ, ಎಷ್ಟು ಅಗಲ ಅನ್ನೋದಕ್ಕೆ ಕೇಳ್ತೀನಿ, ಎರಡೇ ತಿಂಗಳಾ? ನೋಡಿದ್ರೆ ಹಾಗನ್ನಿಸಲ್ಲ."

"ಎರಡೇ," ಎಂದ ಮೇಸ್ತ್ರಿ.

ಹೇಳಿದರೆ ಗಂಡನ ಎದುರು, ಡಾಕ್ಟರ ಎದುರು ತಪ್ಪಿತಸ್ಥೆ. ಹೇಳದಿದ್ದರೆ ಕತ್ತರಿ ಎಷ್ಟು ದೂರ ಹೋಗಬೇಕೆಂಬ ಲೆಕ್ಕವೇ ತಪ್ಪಿ ಅವನ ಕಣ್ಣಿಗೆ ಕುತ್ತು. ಅಕ್ಕ ಎದ್ದು ನಿಂತಳು.

"ಸುಳ್ಳು ಡಾಕ್ಟ್ರೇ. ಒಂದೂವರೆ ವರ್ಷ. ಪೇಂಟು ಅಂದ್ಕೊಂಡು ನಾನೇ ದಿನಾ ಸೀಮೆಎಣ್ಣೆ ಹಾಕಿ ಉಜ್ಜಿದೆ. ನಾನೇ ತಂದಿಟ್ಟೆ ಇದನ್ನ ಇವರಿಗೆ. ಬೈಯೋದಾದ್ರೆ ನನ್ನ ಬೈಯಿರಿ, ಇವರನ್ನ ಉಳಿಸ್ಕೊಡಿ." ಅಷ್ಟು ಹೇಳಿ ಗಳಗಳ ಅತ್ತುಬಿಟ್ಟಳು.

ಡಾಕ್ಟರಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. "ಕೇಳಿಮ್ಮ. ಉಜ್ಜಿದ್ರೆ ಕ್ಯಾನ್ಸರ್ ಬರಲ್ಲ. ತಂದಿದ್ದು ಬಿಸಿಲು, ನಲವತ್ತು ವರ್ಷದ್ದು. ನೀವು ಚರ್ಮ ಕೆರಳಿಸಿದ್ರಿ, ತಡ ಮಾಡಿದ್ರಿ, ಅದು ನಿಜ. ಸೀಮೆಎಣ್ಣೆನ ಇನ್ನು ಮೈಗೆ ಮುಟ್ಟಿಸ್ಬೇಡಿ. ಆದ್ರೆ ತಡ ಆದ್ರೂ ಕೈ ಮೀರಿಲ್ಲ. ತೆಗೆದ್ರೆ ಹೋಗುತ್ತೆ. ವಾಸಿಯಾಗದ ಹುಣ್ಣು, ದೊಡ್ಡದಾಗೋ ಮಚ್ಚೆ, ಒಂದು ಕಡೆ ಒಂಥರ ಇನ್ನೊಂದು ಕಡೆ ಇನ್ನೊಂಥರ ಕಾಣೋದು, ಎರಡು ಮೂರು ಬಣ್ಣ ಬಂದಿರೋದು, ಅಂಥದ್ದು ಕಂಡ್ರೆ ಒಂದು ತಿಂಗಳಿಗಿಂತ ಹೆಚ್ಚು ಕಾಯದೆ ಕರ್ಕೊಂಡ್ ಬನ್ನಿ. ಮೇಸ್ತ್ರಿಗಳೇ, ನಿಮಗೆ ಅಗಲವಾದ ಟೋಪಿ, ತುಂಬು ತೋಳಿನ ಅಂಗಿ. ವರ್ಷಕ್ಕೊಂದ್ಸಲ ನನಗೆ ಮುಖ ತೋರಿಸ್ಬೇಕು."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮೂಗು ಸೊರಸೊರ ಎಳೆದುಕೊಂಡು ಹೊರಗೆ ಬಂದಳು. ಆಪರೇಷನ್ನಿನ ದಿನ ಗೊತ್ತುಮಾಡಲು ಕೂಗುತ್ತಾರೆಂದು ಇಬ್ಬರೂ ಮೊಗಸಾಲೆಯ ಉದ್ದ ಬೆಂಚಿನ ಮೇಲೆ ಕೂತರು. ಎದುರಿನ ಬೆಂಚು ತುಂಬ ಜನ.

ಜೀವ ಬಂದ ಮೇಲೆ ಬುದ್ಧಿಯೂ ಬಂತು. ಮೊಣಕೈಯ ಮೇಲಿನ ನೀಲಿ ಯಾವ ಕಿಟಕಿಯದೆಂದು ಥಟ್ಟನೆ ಹೇಳಿದ ಈ ಮನುಷ್ಯ, ಮುಖದ ಮೇಲಿನದು "ಯಾವುದೋ ಗೇಟಿಂದು" ಎಂದದ್ದು ಹೇಗೆ?

"ರೀ, ನನ್ನ ಮುಖ ನೋಡಿ ಹೇಳಿ. ಅದು ಪೇಂಟಲ್ಲ ಅಂತ ನಿಮಗೆ ಗೊತ್ತಿತ್ತಾ?"

ಮೇಸ್ತ್ರಿ ಕೆನ್ನೆಯ ಪಟ್ಟಿ ಮುಟ್ಟಿ ನೋಡಿಕೊಂಡ. "ಹದಿನೈದು ದಿನದಲ್ಲೇ ಗೊತ್ತಾಯ್ತು. ಎನಾಮಲ್ಲು ಮೂರನೇ ಸಲಕ್ಕೆ ಬಿಡ್ಬೇಕು. ಆ ಕಪ್ಪಿನ ಡಬ್ಬಿನೇ ನಾನು ವರ್ಷದಿಂದ ತೆಗೆದಿರಲಿಲ್ಲ. ಏನೋ ಮಚ್ಚೆ ಅಂದ್ಕೊಂಡೆ. ಇಂಥದ್ದು ಅಂತ ಖಂಡಿತ ಗೊತ್ತಿರಲಿಲ್ಲ ಕಣೆ."

"ಮತ್ತೆ ಉಜ್ಜಬೇಡ ಅಂತ ಹೇಳೋಕೆ ಏನಾಗಿತ್ತು ನಿಮ್ಮ ಬಾಯಿಗೆ? ಉರೀತಿರಲಿಲ್ವಾ?"

"ಉರೀತಿತ್ತು."

"ಮತ್ತೆ?"

"ಈಗೆಲ್ಲ ನೀರಿನ ಪೇಂಟು. ಕೆಲಸದ ಜಾಗದಲ್ಲೇ ಮುಖ ತೊಳೆದು ಬರ್ತೀನಿ. ಒರೆಸೋಕೆ ಏನೂ ಇರಲಿಲ್ಲ. ನೀನು ಮೆಷಿನ್ ಬಿಟ್ಟು ಏಳೋದೇ ನಿಂತೋಗಿತ್ತು." ಅವನ ದನಿ ಇಳಿದುಹೋಗಿತ್ತು. "ಆ ಚುಕ್ಕೆ ಬಂದ ಮೇಲೆ ದಿನಾ ಹತ್ತು ನಿಮಿಷ ನೀನು ನನ್ನ ಮುಖ ಹಿಡ್ಕೊಂಡು ಕೂರ್ತಿದ್ದೆ. ಅದೂ ಪೇಂಟಲ್ಲ ಅಂದ್ಬಿಟ್ರೆ ಯಾಕೆ ಹಿಡ್ಕೋತೀಯ?"

ಅಕ್ಕನಿಗೆ ಕೋಪ ಬಂತು ನೋಡಿ, ಬೆಂಚೇ ಅಲುಗಿತು.

"ಅಯ್ಯೋ ನಿಮ್ಮ ತಲೆಗಿಷ್ಟು! ಹತ್ತು ನಿಮಿಷಕ್ಕೋಸ್ಕರ ಕಣ್ಣು ಕಳ್ಕೋತಿದ್ರಲ್ರೀ! ನೀವು ಹೋದ್ಮೇಲೆ ನಾನು ಯಾರಿಗೆ ಬೈಕೊಂಡು ಇರ್ಬೇಕಿತ್ತು? ಒಂದು ಮಾತು ಬಾಯಿಬಿಟ್ಟು ಕೇಳಿದ್ರೆ ಆಗ್ತಿರಲಿಲ್ವಾ?"

"ಏನಂತ ಕೇಳ್ಲಿ? ಈ ವಯಸ್ಸಲ್ಲಿ? ನಾಚಿಕೆ ಆಗ್ತಿತ್ತು."

ಎದುರು ಬೆಂಚಿನವರೆಲ್ಲ ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಹೊಲಿಗೆಯಕ್ಕ ಕಣ್ಣೊರೆಸಿಕೊಂಡು ಅವನ ಕಡೆ ಪೂರ್ತಿ ತಿರುಗಿ ಕೂತಳು.

"ಕೇಳಿ ಈಗ."

"ಇಲ್ಲೇನಾ? ಜನ ಇದ್ದಾರೆ ಕಣೆ."

"ಇರ್ಲಿ. ಕೇಳಿ ಅಂದ್ನಲ್ಲ."

ಹತ್ತು ಜನ ಆಳುಗಳಿಗೆ ಬೀದಿ ಆಚೆಯಿಂದ ಕೇಳುವಂತೆ ಕೂಗುವ ಮೇಸ್ತ್ರಿ ಎರಡು ಸಲ ಎದುರು ಬೆಂಚಿನ ಕಡೆ ನೋಡಿ ಅಂಗಿಯ ಗುಂಡಿ ಸರಿಮಾಡಿಕೊಂಡ. ಮೂರನೆಯ ಸಲಕ್ಕೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಕೇಳಿದ.

ಒಳಗಿನಿಂದ ನರ್ಸು ಅವರ ಸರದಿಯನ್ನು ಎರಡು ಸಲ ಕೂಗಿದಳು. ಮೂರನೆಯ ಸಲ ಬಾಗಿಲಿಗೇ ಬಂದು ನಿಂತಳು.

"ಸ್ವಲ್ಪ ತಡಿಯಮ್ಮ," ಎಂದಳು ಹೊಲಿಗೆಯಕ್ಕ, ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ತಿರುಗಿಯೂ ನೋಡದೆ. "ಇನ್ನೂ ಹತ್ತು ನಿಮಿಷ ಆಗಿಲ್ಲ."