ನಾಡಿ ನೂರಾ ಹದಿನೆಂಟು

ಲಿಂಗಿಯನ್ನು ಮಧ್ಯಾಹ್ನದ ಗಾಡಿಗೆ ಮನೆಗೆ ಕಳಿಸಬೇಕು ಎಂದು ಡಾಕ್ಟರು ಬೆಳಿಗ್ಗೆ ಎಂಟು ಗಂಟೆಗೇ ಬರೆದಾಗಿತ್ತು. ಹೆತ್ತು ಅವತ್ತಿಗೆ ನಾಲ್ಕನೇ ದಿನ. ಜ್ವರ ಇಲ್ಲ, ಮಗು ಮೊಲೆ ಹಿಡಿದಿದೆ, ಮಂಚ ಇನ್ನೊಬ್ಬರಿಗೆ ಬೇಕು. ಬರೆಯುವುದಕ್ಕೆ ಅಷ್ಟು ಸಾಕಾಗಿತ್ತು.

ಮಂಚದ ಕಾಲಿಗೆ ತೂಗುಹಾಕಿದ್ದ ಹಾಳೆಯಲ್ಲಿ ಮೂರು ಸಾಲು ಇರುತ್ತಿದ್ದವು: ಮೈ ಬಿಸಿ, ನಾಡಿ, ಉಸಿರು. ಬಿಸಿಯ ಸಾಲಿನಲ್ಲಿ ಮೂರು ಬೆಳಿಗ್ಗೆಯೂ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅದರ ಕೆಳಗಿನ ಸಾಲಿನಲ್ಲಿ ನನ್ನ ಕೈಬರಹದಲ್ಲಿ ತೊಂಬತ್ತೆರಡು, ನೂರಾ ನಾಲ್ಕು, ನೂರಾ ಹದಿನೆಂಟು. ಡಾಕ್ಟರು ಆ ಸಾಲು ನೋಡಿ ನಕ್ಕು ಮುಂದಿನ ಮಂಚಕ್ಕೆ ಹೋದರು.

ನಗುವುದಕ್ಕೆ ಕಾರಣ ನಾನೇ ಕೊಟ್ಟಿದ್ದೆ. ನೆಲ್ಯಹುದಿಕೇರಿಯ ಹೊಳೆ ದಂಡೆ ಮೇಲಿದ್ದ ಆ ಆಸ್ಪತ್ರೆ ನಾಲ್ಕೈದು ಎಸ್ಟೇಟುಗಳು ಸೇರಿ ನಡೆಸುತ್ತಿದ್ದದ್ದು. ಮೂವತ್ತಾರನೇ ಇಸವಿಯಲ್ಲಿ ಅಲ್ಲಿಗೆ ನರ್ಸು ಕೆಲಸ ಕಲಿಯಲು ಸೇರಿದಾಗ ನನಗೆ ಇಪ್ಪತ್ತೊಂಬತ್ತು. ಗಂಡ ತೀರಿಕೊಂಡು ವರ್ಷ ಕಳೆದಿರಲಿಲ್ಲ. ಇಬ್ಬರು ಮಕ್ಕಳನ್ನು ಶನಿವಾರಸಂತೆಯಲ್ಲಿ ಅವ್ವನ ಹತ್ತಿರ ಬಿಟ್ಟು ಬಂದಿದ್ದೆ. ಆರು ತಿಂಗಳ ಕಲಿಕೆ. ಮೊದಲನೇ ತಿಂಗಳಲ್ಲೇ ಒಬ್ಬ ಗಟ್ಟಿಮುಟ್ಟಾದ ಗಾಡಿಯವನ ನಾಡಿ ಹಿಡಿದು, ಇಡೀ ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿದವರ ಹಾಗೆ ಅದನ್ನು ಎರಡರಿಂದ ಗುಣಿಸಿ ನೂರೈವತ್ತಾರು ಅಂತ ಬರೆದುಬಿಟ್ಟಿದ್ದೆ. "ಇವನು ಸತ್ತು ಎಷ್ಟು ದಿನ ಆಯಿತಮ್ಮ?" ಎಂದು ಡಾಕ್ಟರು ಎಲ್ಲರ ಮುಂದೆ ಕೇಳಿದ್ದರು. ಗಾಡಿಯವನು ಬೀಡಿ ಸೇದಲು ಜಗಲಿಗೆ ಹೋಗಿದ್ದ. ಆಮೇಲೆ ನಾಲ್ಕು ತಿಂಗಳು ನಾನು ಬರೆದ ನಾಡಿಯನ್ನು ಅಲ್ಲಿ ಯಾರೂ ನಂಬಲಿಲ್ಲ.

ನಮ್ಮ ದೊಡ್ಡ ನರ್ಸು ಸುಲೋಚನಮ್ಮ ಮಾತ್ರ ಬೈದು ಬೈದು ಕಲಿಸಿದರು. ಅವರ ಸೆರಗಿಗೆ ಪಿನ್ನು ಹಾಕಿದ್ದ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು ಹೇಳುತ್ತಿದ್ದರು, "ಗುರುಸಿದ್ದಿ, ಅವಸರ ಇರೋಳು ಅಡಿಗೆ ಮನೇಲಿರಬೇಕು. ಇಲ್ಲಿ ಇಡೀ ನಿಮಿಷ ಎಣಿಸು. ಎಣಿಸಿ ಆದ ಮೇಲೂ ಕೈ ಬಿಡಬೇಡ, ಹಾಗೇ ಹಿಡ್ಕೊಂಡು ಎದೆ ಏರಿ ಇಳಿಯೋದು ನೋಡು. ಉಸಿರು ಎಣಿಸ್ತಿದ್ದೀಯ ಅಂತ ಗೊತ್ತಾದ್ರೆ ಮನುಷ್ಯ ಬೇರೆ ಥರ ಉಸಿರಾಡ್ತಾನೆ." ಇನ್ನೊಂದು ಮಾತೂ ಅವರದ್ದೇ. ಬಿಸಿ, ನಾಡಿ, ಉಸಿರು ಮೂರೂ ಒಂದೇ ಮನೆಯ ಮಕ್ಕಳು. ಮೈ ಒಂದು ಡಿಗ್ರಿ ಏರಿದರೆ ನಾಡಿ ಹತ್ತು ಬಡಿತ ಏರುತ್ತದೆ, ಹಿಂದೆಯೇ ಉಸಿರೂ ಏರುತ್ತದೆ. ಒಬ್ಬ ಒಂದು ಹೇಳಿ ಉಳಿದಿಬ್ಬರು ಬೇರೆ ಹೇಳಿದರೆ ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ ಅಂತ.

ಹದಿನೆಂಟೋ ಇಪ್ಪತ್ತೋ ಇರಬೇಕಾದ ಲಿಂಗಿಯ ಉಸಿರು ಅವತ್ತು ಇಪ್ಪತ್ತೆಂಟು ಇತ್ತು.

ಥರ್ಮಾಮೀಟರುಗಳನ್ನು ಸ್ಪಿರಿಟಿನಲ್ಲಿ ಒರೆಸಿಡುವುದು ನನ್ನ ಕೆಲಸ. ಲಿಂಗಿಯದನ್ನು ತೆಗೆದುಕೊಂಡಾಗ ಹುಳಿ ವಾಸನೆ ಬಂತು. ತುದಿಯ ಹತ್ತಿರ ಒಂದು ಅಗುಳಿನ ಚೂರು ಅಂಟಿಕೊಂಡಿತ್ತು. ತಂಗಳು ಗಂಜಿ. ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಬೆಳಗಾದರೆ ಎಲ್ಲರೂ ಕುಡಿಯುವುದು ಅದನ್ನೇ, ಅದರಲ್ಲೇನೂ ವಿಶೇಷ ಇಲ್ಲ ಅಂತ ಒರೆಸಿ ಡಬ್ಬಿಗೆ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ಬಾಣಂತಿಗೆ ತಂಗಳು ಗಂಜಿ ಯಾರು ಕೊಡುತ್ತಾರೆ? ನಾನು ಎರಡು ಹೆತ್ತವಳು. ನಲವತ್ತು ದಿನ ನನ್ನ ಅವ್ವ ಕಾದಾರಿದ ನೀರನ್ನೂ ಮತ್ತೆ ಕಾಯಿಸಿಯೇ ಕೊಟ್ಟಿದ್ದು. ನಮ್ಮ ಕಡೆಯಲ್ಲೂ ಅಷ್ಟೇ, ಲೈನಿನಲ್ಲೂ ಅಷ್ಟೇ, ಹೆತ್ತವಳ ಬಾಯಿಗೆ ಬಿಸಿ ಬಿಸಿ ಮೆಣಸಿನ ಸಾರು ಬಿಟ್ಟು ತಣ್ಣಗಿರುವುದು ಏನೂ ಮುಟ್ಟುವುದಿಲ್ಲ.

ವಾಪಸು ವಾರ್ಡಿಗೆ ಹೋದೆ. ಲಿಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕೆನ್ನೆ ಎರಡೂ ಕೆಂಪಗಿದ್ದವು. ಅವಳ ತಾಯಿ ಕೆಂಚಿ ಹಳೇ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಮಂಚದ ಕೆಳಗೆ ಬಾಳೆಲೆ ಮುಚ್ಚಿದ ಒಂದು ಮಣ್ಣಿನ ಕುಡಿಕೆ.

"ಕೆಂಚವ್ವ, ಅದರಲ್ಲಿ ಏನದೆ?"

"ಗಂಜಿ. ನಂಗೆ."

"ನಿಂಗಾದ್ರೆ ಲಿಂಗಿ ಬಾಯಿಗೆ ಹೆಂಗೆ ಬಂತು?"

ಕೆಂಚಿ ಗಂಟು ಬಿಗಿಯುತ್ತಲೇ ಇದ್ದಳು. "ಬಾಯಾರ್ತು ಅಂದ್ಲು. ಒಂದು ಗುಟುಕು."

"ಬಾಣಂತಿಗಾ?"

"ನಮ್ಮಂಥೋರ ಮನೇಲಿ ಬಾಣಂತಿಗೆ ಬಾದಾಮಿ ಹಾಲು ಎಲ್ಲಿಂದ ತರಾನ ತಾಯಿ?"

"ಬಾದಾಮಿ ನಾನೂ ಕಂಡಿಲ್ಲ. ನಿನ್ನ ಅವ್ವ ನಿಂಗೆ ಬಾಣಂತಿತನದಲ್ಲಿ ತಂಗಳು ಕೊಟ್ಟಿದ್ಲಾ? ಇದ್ದದ್ದು ಹೇಳು."

ಪಕ್ಕದ ಮಂಚದ ಮುತ್ತಿ, ಐದು ದಿನದ ಬಾಣಂತಿ, ಮಗುವಿಗೆ ಹಾಲೂಡಿಸುತ್ತ ಈ ಕಡೆಯೇ ನೋಡುತ್ತಿದ್ದವಳು ಬಾಯಿ ಹಾಕಿದಳು. "ಹೇಳಿಬುಡು ಅತ್ತೆ. ಇವಮ್ಮ ನಾಯಿ ಎಲುಬು ಹಿಡ್ದಂಗೆ ಹಿಡ್ಕತಾಳೆ, ಬಿಡೋಳಲ್ಲ."

ಕೆಂಚಿ ಅವಳನ್ನು ದುರುಗುಟ್ಟಿ ನೋಡಿ, ಗಂಟು ಬಿಟ್ಟು ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು. ಆ ಗಾಜಿನ ಕಡ್ಡಿ ಇಡುವ ಮುಂಚೆ ಬಾಯಲ್ಲಿ ತಣ್ಣಗಿನ ಗಂಜಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರೆ ಕಡ್ಡಿ ಮೇಲೇರುವುದಿಲ್ಲ. ಇದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಆಸ್ಪತ್ರೆಯವರು ಮಾತ್ರ.

"ಯಾಕೆ ಆದ್ರೆ?"

"ಯಾಕೆ ಅಂತ ಕೇಳ್ತೀಯಲ್ಲ. ಜ್ವರ ಅಂತ ಬರೆದ್ರೆ ಹಿಂದ್ಗಡೆ ಇರೋ ಜ್ವರದ ಮನೇಗೆ ಹಾಕ್ತೀರಿ. ಮಗೀನ ಲೈನಿಗೆ ಕಳಿಸ್ತೀರಿ. ಹೋದ ಮಳೆಗಾಲ ನಮ್ಮ ಲೈನಿನ ಮಾರಿ ಮಗೀನ ಹಂಗೇ ಕಳಿಸಿದ್ರಿ, ಡಬ್ಬಿ ಹಾಲು ಕುಡಿಸಿ ಅಂತ. ಮಾರಿ ಎದ್ದು ಬಂದ್ಲು. ಮಗ ಉಳೀಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನೇಗೆ ಬಿಟ್ಬುಡು. ನಾನು ಶಾಖ ಕೊಟ್ಟು ಏಳಿಸ್ತೀನಿ. ನೀನೂ ಹೆತ್ತೋಳು."

"ಹೆತ್ತೋಳಾದ್ದಕ್ಕೇ ಬಿಡಲ್ಲ."

ಲಿಂಗಿಯ ಮಣಿಕಟ್ಟು ಹಿಡಿದೆ. ಗಡಿಯಾರ ನೋಡದೆಯೇ ಗೊತ್ತಾಗುವಷ್ಟು ಓಡುತ್ತಿತ್ತು. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಏರುವ ಜ್ವರ ಶಾಖಕ್ಕೆ ಇಳಿಯುವ ಜ್ವರವಲ್ಲ ಎಂದು ಕಲಿತಿದ್ದೆ. ಗರ್ಭದೊಳಗೆ ನಂಜು ಹುಟ್ಟಿ ರಕ್ತಕ್ಕೆ ಸೇರುತ್ತದೆ. ಇವಳನ್ನು ಮಧ್ಯಾಹ್ನದ ಎತ್ತಿನ ಗಾಡಿಯಲ್ಲಿ ಆರು ಮೈಲಿ ಕುಲುಕಿಸಿಕೊಂಡು ಹೋದರೆ ಮತ್ತೆ ನೋಡುವುದು ಎಲ್ಲಿಂದ.

"ಮಗು ಇಲ್ಲೇ ಇರುತ್ತೆ," ಅಂದೆ. "ಲಿಂಗಿ ಕಣ್ಣಿಗೆ ಕಾಣೋ ಹಾಗೆ ಇರುತ್ತೆ. ಅರ್ಧ ಗಂಟೆ ಅವಳ ಬಾಯಿಗೆ ಏನೂ ಹಾಕಬೇಡ. ಮತ್ತೆ ಕಡ್ಡಿ ಇಡ್ತೀನಿ."

"ನಿನ್ನ ಮಾತು ಇಲ್ಲಿ ನಡೀತದಾ?"

ಸುಳ್ಳು ಹೇಳಲಾಗಲಿಲ್ಲ. "ನಡೆಸ್ತೀನಿ," ಅಂದೆ.

ಅರ್ಧ ಗಂಟೆ ಮಂಚದ ಪಕ್ಕದಲ್ಲೇ ಕೂತೆ. ಹೊರಗೆ ವಿರಾಜಪೇಟೆಯಿಂದ ಔಷಧಿ ತರಲು ಲಾರಿ ಹೊರಟು ನಿಂತಿತ್ತು. ಡಾಕ್ಟರೂ ಅದರಲ್ಲೇ ಹೋಗುವವರು, ಬರುವುದು ನಾಳೆಗೆ. ಸುಲೋಚನಮ್ಮ ಎರಡು ಸಲ ಬಂದು "ಬೆಡ್‌ಪ್ಯಾನು ಯಾರು ತೊಳೀತಾರೆ, ನಿಮ್ಮತ್ತೆಯಾ?" ಎಂದು ಕೇಳಿ ಹೋದರು. ಲಾರಿಯ ಇಂಜಿನು ಶುರುವಾದಾಗ ಇಪ್ಪತ್ತಾರು ನಿಮಿಷ. ಇನ್ನು ನಾಲ್ಕು ಉಳಿದಿತ್ತು. ಅರೆಬರೆ ಮಾಡಿ ಮತ್ತೆ ನಗೆಪಾಟಲಾಗುವುದು ಬೇಡ ಅಂತ ಆ ನಾಲ್ಕನ್ನೂ ಕಾದೆ. ಆಮೇಲೆ ನಾಲಿಗೆಯ ಕೆಳಗೆ ಕಡ್ಡಿ ಇಟ್ಟೆ, ಮೂರು ನಿಮಿಷ ಬಿಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನೂರಾ ಮೂರು.

ಥರ್ಮಾಮೀಟರನ್ನು ಕೊಡವಿ ಪಾದರಸ ಇಳಿಸದೆ ಹಾಗೇ ಹಿಡಿದುಕೊಂಡು ಓಡಿದೆ. ಡಾಕ್ಟರು ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

"ಏನಮ್ಮ, ಮತ್ತೆ ನೂರೈವತ್ತಾರೋ?"

"ನೂರಾ ಹದಿನೆಂಟು ಸಾರ್, ಲಿಂಗಿಯದು. ಜ್ವರ ನೂರಾ ಮೂರು."

"ಎಂಟು ಗಂಟೆಗೆ ಇರಲಿಲ್ಲವಲ್ಲ."

"ಇತ್ತು. ಬಾಯಲ್ಲಿ ತಂಗಳು ಗಂಜಿ ಇಟ್ಕೊಂಡಿದ್ಲು, ಕಾಣಲಿಲ್ಲ."

ಡಾಕ್ಟರು ಮಂಗಳೂರು ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. "ಗಂಜಿ ಕುಡಿದರೆ ಏನು? ಇವರೆಲ್ಲ ಗಂಜಿ ಕುಡಿಯುವವರೇ ಅಲ್ಲವೇ?"

"ಬಾಣಂತಿ ಕುಡಿಯಲ್ಲ ಸಾರ್. ನಲವತ್ತು ದಿನ ತಣ್ಣೀರೂ ಮುಟ್ಟಿಸಲ್ಲ. ಕುಡಿಸಿದ್ದಾರೆ ಅಂದ್ರೆ ಏನೋ ಮುಚ್ಚಿಡೋಕೆ ಅಂತಾನೇ ಅರ್ಥ."

ಅವರು ನನ್ನ ಹಿಂದೆ ನೋಡಿದರು. ಸುಲೋಚನಮ್ಮ ಬಾಗಿಲಲ್ಲಿ ನಿಂತಿದ್ದರು. "ಅದು ಹೌದು ಸಾರ್," ಎಂದರು ಅವರು. "ನನಗೆ ಹೊಳೀಬೇಕಿತ್ತು."

ಡಾಕ್ಟರು ಡ್ರೈವರಿಗೆ ಇಂಜಿನು ನಿಲ್ಲಿಸಲು ಹೇಳಿ ಒಳಗೆ ಬಂದರು. ತಾವೇ ಕೈ ಹಿಡಿದು, ತಮ್ಮದೇ ಗಡಿಯಾರ ನೋಡಿ, ಒಂದು ನಿಮಿಷ ಮುಗಿದ ಮೇಲೆ ಇನ್ನೊಂದು ನಿಮಿಷ ಎಣಿಸಿದರು. "ನೂರಾ ಇಪ್ಪತ್ತು," ಎಂದು ಯಾರಿಗೋ ಹೇಳಿದಂತೆ ಹೇಳಿ ಕೋಟು ಬಿಚ್ಚಿದರು. ಪರದೆ ಎಳೆದು ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಹೆರಿಗೆಯ ಹಿಂದೆಯೇ ಬಿದ್ದುಹೋಗಬೇಕಿದ್ದ ಮಾಸಿನ ಹೆಬ್ಬೆರಳಷ್ಟು ಚೂರು ಒಳಗೇ ಉಳಿದು ಕೊಳೆಯುತ್ತಿತ್ತು. ಅದನ್ನು ತೆಗೆಯುವಾಗ ಲಿಂಗಿ ನನ್ನ ಎಡಗೈ ಕಚ್ಚಿಬಿಟ್ಟಳು. ನಾನು ಬಲಗೈಯಲ್ಲಿ ನಾಡಿ ಹಿಡಿದೇ ಇದ್ದೆ. ಲಾರಿ ಅವರನ್ನು ಬಿಟ್ಟು ಹೋಯಿತು.

ಕೈ ತೊಳೆಯುತ್ತ ಡಾಕ್ಟರು ಹೇಳಿದರು, "ಇವಳನ್ನು ಜ್ವರದ ಮನೆಗೆ ಹಾಕಿ. ಮಗುವನ್ನು ಅಜ್ಜಿಯ ಜೊತೆ ಕಳಿಸಿಬಿಡಿ."

"ಮಗು ಇಲ್ಲೇ ಇರುತ್ತೆ ಅಂತ ಮಾತು ಕೊಟ್ಟಿದ್ದೀನಿ ಸಾರ್."

"ಮಾತು ಕೊಡಲು ನೀವು ಯಾರು?"

"ಯಾರೂ ಅಲ್ಲ. ಕೊಟ್ಟಾಯ್ತು."

ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಎನ್ನುವ ಹಾಗಿಲ್ಲ. ಈ ನಂಜು ನರ್ಸುಗಳ ಕೈಯಲ್ಲೇ ಒಬ್ಬ ಬಾಣಂತಿಯಿಂದ ಇನ್ನೊಬ್ಬಳಿಗೆ ಹೋಗುತ್ತದೆ, ಅದಕ್ಕೇ ಬೇರೆ ಮನೆ ಮಾಡಿರುವುದು, ವಾರ್ಡಿನಲ್ಲಿ ಇನ್ನೂ ನಾಲ್ವರು ಬಾಣಂತಿಯರಿದ್ದಾರೆ ಎಂದು ಬಿಡಿಸಿ ಹೇಳಿದರು. ನಾನು ಕೇಳಿಕೊಂಡು, ಲಿಂಗಿಯನ್ನು ಜಗಲಿಯ ತುದಿಯ ಕೋಣೆಗೆ ಹಾಕೋಣ, ಅದರ ಕಿಟಕಿ ವಾರ್ಡಿಗೆ ಕಾಣುತ್ತದೆ, ಅವಳನ್ನು ಮುಟ್ಟುವುದು ನಾನು ಮತ್ತು ಕೆಂಚಿ ಮಾತ್ರ, ಅವಳು ಏಳುವವರೆಗೆ ಬೇರೆ ಯಾರನ್ನೂ ನಾವಿಬ್ಬರೂ ಮುಟ್ಟುವುದಿಲ್ಲ, ಮಗುವನ್ನೂ, ಅಂದೆ.

"ಹಾಗಾದರೆ ಮಗುವಿಗೆ ಹಾಲು?"

ಪರದೆಯ ಆ ಕಡೆಯಿಂದ ಮುತ್ತಿಯ ದನಿ ಬಂತು. "ದೇವ್ರು ಎರಡು ಕೊಟ್ಟವ್ನಲ್ಲ ಬುದ್ಧಿ, ನನ್ನ ಮಗ ಒಂದ್ರಲ್ಲೇ ಹೊಟ್ಟೆ ತುಂಬ್ಸ್ಕತಾನೆ."

ಸುಲೋಚನಮ್ಮ ನಗು ತಡೆಯಲು ಗಾಜ್ ಬಟ್ಟೆಯ ಡಬ್ಬಿ ತೆಗೆದುಕೊಂಡು ಆಚೆ ಹೋದರು. ಡಾಕ್ಟರು ಕೋಟು ಹಾಕಿಕೊಂಡು, "ಇನ್ನೊಬ್ಬ ಬಾಣಂತಿಗೆ ಜ್ವರ ಬಂದರೆ ಅವತ್ತೇ ನೀವು ಶನಿವಾರಸಂತೆಗೆ," ಎಂದರು. ಒಪ್ಪಿಕೊಂಡೆ. ಲಿಂಗಿ ಏಳುವವರೆಗೆ ಮುತ್ತಿಯೂ ಮನೆಗೆ ಹೋಗದೆ ವಾರ್ಡಿನಲ್ಲೇ ಉಳಿದಳು.

ಹಗಲು ನಾನು, ರಾತ್ರಿ ಕೆಂಚಿ. ಅವಳಿಗೆ ಅಂಕಿ ಬರುತ್ತಿರಲಿಲ್ಲ. "ನಿನ್ನ ಒಂದು ಉಸಿರಿಗೆ ಅವಳದು ಎರಡಾದರೆ ನನ್ನ ಎಬ್ಬಿಸು," ಎಂದು ಹೇಳಿಕೊಟ್ಟೆ. ಎರಡು ಸಲ ಎಬ್ಬಿಸಿದಳು, ಎರಡು ಸಲವೂ ಸರಿಯಾಗಿಯೇ ಎಬ್ಬಿಸಿದಳು. ನಂಜು ಹೋಗಲೆಂದು ಕೈ ತೊಳೆಯುವ ಕಾರ್ಬಾಲಿಕ್ ನೀರಿಗೆ ನನ್ನ ಬೆರಳ ಸಂದಿಯ ಚರ್ಮ ಸುಲಿಯಿತು, ಕಚ್ಚಿದ ಗಾಯ ಉರಿಯಿತು. ಹೆತ್ತ ಆರನೇ ದಿನ ಜ್ವರ ನೂರಾ ನಾಲ್ಕು, ನಾಡಿ ನೂರಾ ನಲವತ್ತು. ಲಿಂಗಿ ನನ್ನನ್ನು ಎಸ್ಟೇಟಿನ ಮೇಸ್ತ್ರಿ ಅಂದುಕೊಂಡು, ಬುಟ್ಟಿ ತುಂಬಿದೆ ನೋಡಿಕೊಳ್ಳಿ ಎಂದು ಗೊಣಗುತ್ತಿದ್ದಳು. ಕಿಟಕಿಯ ಆ ಕಡೆ ಮುತ್ತಿ ಮಗುವನ್ನು ಎತ್ತಿ ಹಿಡಿದು ತೋರಿಸಿದರೆ ಒಂದು ಗಳಿಗೆ ಕಣ್ಣು ನಿಲ್ಲುತ್ತಿತ್ತು. ನನ್ನ ಮಕ್ಕಳಿಗೆ ಆ ವಾರ ಕಾಗದ ಹಾಕಲಿಲ್ಲ. ಗಂಟೆಗೊಂದು ಸಲ ಎಣಿಸಿದೆ, ಗಂಟೆಗೊಂದು ಸಲ ಬರೆದೆ, ತೊಟ್ಟು ತೊಟ್ಟಾಗಿ ಬಿಸಿನೀರು ಕುಡಿಸಿದೆ.

ಎಂಟನೇ ದಿನ ನಾಡಿ ನೂರರ ಒಳಗೆ ಬಂತು. ಹನ್ನೊಂದನೇ ದಿನ ಮೂರೂ ಒಂದೇ ಮಾತು ಹೇಳಿದವು: ತೊಂಬತ್ತೆಂಟು ಪಾಯಿಂಟ್ ಆರು, ಎಂಬತ್ತು, ಹದಿನೆಂಟು. ವಾರ್ಡಿನಲ್ಲಿ ಬೇರೆ ಯಾವ ಬಾಣಂತಿಗೂ ಜ್ವರ ಬರಲಿಲ್ಲ.

ಹದಿನಾಲ್ಕನೇ ದಿನ ಲಿಂಗಿ ಜಗಲಿಯಿಂದ ವಾರ್ಡಿನವರೆಗೆ ತಾನೇ ನಡೆದು ಹೋಗಿ ಮುತ್ತಿಯ ಕೈಯಿಂದ ಮಗುವನ್ನು ಇಸಕೊಂಡಳು. "ತೂಕ ನೋಡು, ನನ್ನ ಹಾಲು ಹೆಂಗದೆ," ಎಂದು ಮುತ್ತಿ ಜಂಬ ಮಾಡಿದಳು. ಕೆಂಚಿ ಅವಳ ಗಲ್ಲ ತಿವಿದಳು. ಹನ್ನೆರಡು ಮಂಚದವರೂ ಅದನ್ನೇ ನೋಡುತ್ತಿದ್ದರು.

ನಾನು ಥರ್ಮಾಮೀಟರು ಕೊಡವಿಕೊಂಡು ಬೆಳಗಿನ ಸುತ್ತು ಶುರುಮಾಡಿದೆ. ಎರಡು ದಿನದ ಹಿಂದೆ ಬಂದಿದ್ದ ನಾಲ್ಕನೇ ಮಂಚದ ಹೆಂಗಸು, ಪಕ್ಕದಲ್ಲಿ ಎಂಟು ತಿಂಗಳ ಮಗು ಮಲಗಿಸಿಕೊಂಡಿದ್ದವಳು, ನಾನು ಕಡ್ಡಿ ಹತ್ತಿರ ತಂದಾಗ ಕೈ ಅಡ್ಡ ಹಿಡಿದಳು. ಮಗುವನ್ನು ಒಂದು ಸಲ, ಲಿಂಗಿಯನ್ನು ಒಂದು ಸಲ ನೋಡಿದಳು.

"ಅಕ್ಕ, ಈಗ ಬೇಡ," ಎಂದಳು ಮೆಲ್ಲಗೆ. "ಈಗ್ತಾನೆ ಗಂಜಿ ಕುಡ್ದೀನಿ. ನಿನ್ನೇನೂ ಕುಡ್ದಿದ್ದೆ."

ಥರ್ಮಾಮೀಟರನ್ನು ಡಬ್ಬಿಯಲ್ಲಿಟ್ಟು, ಮುಕ್ಕಾಲಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅರ್ಧ ಗಂಟೆ ಕಾಯಬೇಕಿತ್ತು.