ಅಡ್ಡಪೈಪಿಲ್ಲದ ಸೈಕಲ್ಲು

ಕಾರಿನ ಬಾಗಿಲಿನ ಪ್ಯಾಡು ಕಳಚಿ, ಒಳಗಿನ ಪೊಳ್ಳಿಗೆ ಮೊಣಕೈವರೆಗೂ ಕೈ ಇಳಿಬಿಟ್ಟಿದ್ದ ರಾಜ್‌ಕುಮಾರ್ ಮೊದಲು ಒಂದು ಬಾಚಣಿಗೆ ತೆಗೆದ. ಆಮೇಲೆ ಒಂದು ಸಣ್ಣ ಬೀಗದ ಕೈ, ಮಡಿಸಿದ ಬಸ್ ಟಿಕೆಟ್ಟು, ಮಕ್ಕಳ ಕೂದಲಿಗೆ ಹಾಕುವ ಕೆಂಪು ಕ್ಲಿಪ್ಪು. ಎಲ್ಲವನ್ನೂ ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿ, "ಇಲ್ಲಿ ನೋಡಣ್ಣಾ, ನಿನ್ ಡೋರಲ್ಲಿ ಒಂದು ಸಂಸಾರನೇ ನಡೀತಾ ಐತೆ," ಎಂದ.

"ನಮ್ದಲ್ಲಪ್ಪ ಅವು. ಮುಂಚೆ ಗಾಡಿ ಇಟ್ಟಿದ್ದೋರ್ದು," ಎಂದ ಮುನಿರಾಜು. ಹಾಗೆಂದರೂ ಕ್ಲಿಪ್ಪನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಯಾರದೋ ಮಗುವಿನದು, ಬಿಸಾಡುವುದು ಸರಿಯಲ್ಲ ಎನಿಸಿತು.

ರಾಬರ್ಟ್‌ಸನ್ ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ರಾಜ್‌ಕುಮಾರನ ಅಂಗಡಿ. ಸೀಟು ಕವರು, ಸ್ಟೇರಿಂಗ್ ಕವರು, ಹಾರ್ನು, ಸ್ಪೀಕರು. ಹಳೆಯ ಬಿಳಿ ಕಾರನ್ನು ಕೊಂಡ ದಿನದಿಂದಲೂ ಮುನಿರಾಜುವಿಗೆ ಒಂದೇ ಆಸೆ, ಅದರಲ್ಲಿ ಒಳ್ಳೆಯ ಹಾಡು ಕೇಳಬೇಕು. ದಿನಕ್ಕೆ ಎರಡು ಹೊತ್ತು ಹಸು ಕರೆಯುವವನಿಗೆ ಬೇರೆ ಖಯಾಲಿ ಏನೂ ಇರಲಿಲ್ಲ. ಆದರೂ ಈ ಶನಿವಾರ ಅವನು ಇಲ್ಲಿಗೆ ಬಂದದ್ದು ಸ್ಪೀಕರಿಗೆಂದಲ್ಲ, ಹೆಂಡತಿ ಶ್ಯಾಮಲಳ ಸೈಕಲ್ಲನ್ನು ಕಾರಿಗೆ ಕಟ್ಟುವ ಸ್ಟ್ಯಾಂಡಿಗೆಂದು. ಬಂದದ್ದು ಬಂದೆ, ಸ್ಪೀಕರೂ ಆಗಿಬಿಡಲಿ ಎಂದುಕೊಂಡಿದ್ದ.

ಮಾರನೆಯ ದಿನ ಬಂಗಾರಪೇಟೆಯಲ್ಲಿ ಯುವಕ ಸಂಘದವರು ಹೆಂಗಸರಿಗೆ ಸೈಕಲ್ ಸ್ಪರ್ಧೆ ಇಟ್ಟಿದ್ದರು. ನಲವತ್ತು ದಾಟಿದವರಿಗೆ ಬೇರೆಯೇ ಓಟ. ಡೇರಿಯ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ಶ್ಯಾಮಲ ತಾನೇ ಫೋನ್ ಮಾಡಿ ಹೆಸರು ಕೊಟ್ಟಿದ್ದಳು. ಕೊಟ್ಟ ಮರುಕ್ಷಣದಿಂದ ಹಿಂದೆಗೆಯಲು ದಾರಿ ಹುಡುಕುತ್ತಿದ್ದಳು. ಮಳೆ ಬಂದರೆ ಹೋಗುವುದಿಲ್ಲ ಎಂದಳು. ಗಬ್ಬದ ಹಸು ಈ ವಾರ ಕರು ಹಾಕಿದರೆ ಹೋಗುವುದಿಲ್ಲ ಎಂದಳು. ಮಳೆ ಬರಲಿಲ್ಲ, ಹಸುವೂ ಕರು ಹಾಕಲಿಲ್ಲ. ಡೇರಿಗೆ ಹಾಲು ಹಾಕಲು ಬರುವ ಪೆದ್ದಮ್ಮ ಎಲ್ಲರೆದುರಿಗೂ, "ಏನ್ ಶ್ಯಾಮಲಾ, ನೀ ಗೆದ್ಬುಟ್ರೆ ಹಾಲಿನ ಗಾಡಿ ನಿಲ್ಸಿಬುಡಾನ ಬುಡು, ಕ್ಯಾನೆಲ್ಲ ನೀನೇ ಬೆಂಗ್ಳೂರಿಗೆ ಓಡ್ಸು," ಎಂದು ನಗಾಡಿದ್ದಳು. ಶ್ಯಾಮಲಳೂ ನಕ್ಕಿದ್ದಳು. ಮನೆಗೆ ಬಂದಮೇಲೆ ಸ್ಪರ್ಧೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಅದು ಮುನಿರಾಜುವನ್ನು ಹೆದರಿಸಿತ್ತು. ಒಂದು ಸಣ್ಣ ತೊಡಕು ಎದುರಾದರೂ ಅವಳು "ಬುಡಿ, ಬ್ಯಾಡ" ಎಂದುಬಿಡುತ್ತಾಳೆ. ಆದ್ದರಿಂದ ತೊಡಕೇ ಇರಬಾರದು. ಸೈಕಲ್ಲನ್ನು ಡಿಕ್ಕಿಯಲ್ಲಿ ತುರುಕಿ, ಚಕ್ರ ಅರ್ಧ ಹೊರಗೆ ಚಾಚಿ, ಹಗ್ಗ ಬಿಗಿದು ಕರೆದೊಯ್ಯುವುದು ಬೇಡ. ಸ್ಪರ್ಧೆಗೆ ಬರುವ ಬೇರೆಯವರ ಹಾಗೆಯೇ ಅವಳ ಸೈಕಲ್ಲೂ ಕಾರಿನ ಹಿಂದೆ ನೆಟ್ಟಗೆ ಕೂತು ಬರಬೇಕು. ಫೋನಿನಲ್ಲಿ ಅವನು ಎಷ್ಟೋ ವಿಡಿಯೊ ನೋಡಿದ್ದ. ಕಾರಿನ ತಲೆಯ ಮೇಲೆ ಕೂರಿಸುವ ಸ್ಟ್ಯಾಂಡೋ, ಹಿಂದೆ ನೇತುಹಾಕುವುದೋ? ಮೇಲಾದರೆ ಕುಳ್ಳಗಿನ ಶ್ಯಾಮಲಳಿಗೆ ಎಟುಕದು, ಅವನು ಹತ್ತಿರವಿಲ್ಲದಾಗ ಇಳಿಸಲು ಯಾರನ್ನಾದರೂ ಕರೆಯಬೇಕು. ಹಿಂದಾದರೆ ಪಟ್ಟಿ ಸಡಿಲಾಗಿ ಬಸ್ಸಿನ ಮುಂದೆ ಬಿದ್ದುಬಿಟ್ಟರೆ? ಮಲಗಿದಾಗಲೂ ಆ ಬಸ್ಸು ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಹಿಂದಿನದೇ ಇರಲಿ ಎಂದು ತೀರ್ಮಾನಿಸಿದ್ದ. ತೀರ್ಮಾನಿಸಿದ ಮೇಲೂ ಅನುಮಾನ ಹೋಗಿರಲಿಲ್ಲ.

"ಬೇಸ್ ಬಾಕ್ಸು ಎಲ್ಲಿ ಕೂರ್ಸ್ಲಿ ಅಣ್ಣ?" ಎಂದು ರಾಜ್‌ಕುಮಾರ್ ಕೇಳಿದ. "ಬ್ಯಾಕ್ ಸೀಟಿನ ಬೆನ್ನಿಗೇ ಸ್ಕ್ರೂ ಒಡುದ್ರೆ ಅಲ್ಲಾಡಲ್ಲ. ಆದ್ರೆ ಸೀಟು ಮಡ್ಸಕ್ ಆಗಲ್ಲ, ಈಗ್ಲೇ ಏಳ್ಬುಡ್ತೀನಿ."

"ಒಡಿಯಪ್ಪ. ಸೈಕಲ್ಲು ಎಂಗೂ ಆಚೆ ಬತ್ತದಲ್ಲ."

ರಾಜ್‌ಕುಮಾರನ ಕೆಲಸ ನೋಡುವುದೇ ಒಂದು ಸೊಗಸಾಗಿತ್ತು. ಬಾಗಿಲಿನಿಂದ ಬಾಗಿಲಿಗೆ ವೈರನ್ನು ಕಾರ್ಪೆಟ್ಟಿನ ಕೆಳಗೆ ಹಾವಿನ ಹಾಗೆ ನುಸುಳಿಸಿದ. ಜೋಡಿಸಿದ ಕಡೆಯಲ್ಲೆಲ್ಲ ಟೇಪು ಸುತ್ತಿ, ಸುತ್ತಿದ್ದನ್ನು ಬೆರಳಿನಿಂದ ಒತ್ತಿ ನೋಡಿದ. ಸ್ಪೀಕರಿನ ಸುತ್ತ ತೆಳು ಸ್ಪಂಜು ಅಂಟಿಸಿದ. "ಇದು ಇಲ್ಲಾಂದ್ರೆ ಮ್ಯೂಸಿಕ್ಕು ಒಂದು ಕಡೆ, ಡೋರು ಒಂದು ಕಡೆ ಆಡುತ್ತೆ," ಎಂದ. ಎಲ್ಲ ಮುಗಿಸಿ ಪ್ಯಾಡನ್ನು ಮತ್ತೆ ಕೂರಿಸಿದಾಗ, ಕಾರನ್ನು ಯಾರೂ ಮುಟ್ಟಿಯೇ ಇಲ್ಲವೇನೋ ಎನ್ನುವಂತಿತ್ತು.

ಅಷ್ಟರಲ್ಲಿ ಪಕ್ಕದ ಬೀದಿಯ ಸೈಕಲ್ ಅಂಗಡಿಯಲ್ಲಿ ಬ್ರೇಕಿನ ರಬ್ಬರು ಬದಲಾಯಿಸಿಕೊಂಡು ಶ್ಯಾಮಲ ಬಂದಳು. ಚೂಡಿದಾರದ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಸೈಕಲ್ಲು ಮಗಳು ಕವಿತಳಿಗೆ ಎಂಟನೆಯ ಕ್ಲಾಸಿನಲ್ಲಿ ಸರ್ಕಾರದಿಂದ ಬಂದದ್ದು. ಮಗಳು ಕಾಲೇಜಿಗೆಂದು ಹಾಸ್ಟೆಲ್ಲು ಸೇರಿದಮೇಲೆ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು. ಒಂದು ದಿನ ಶ್ಯಾಮಲ ಅದನ್ನು ಕಣಕ್ಕೆ ತಳ್ಳಿಕೊಂಡು ಹೋಗಿ, ಬಿದ್ದು, ಎದ್ದು, ಮೊಣಕಾಲು ತರಚಿಕೊಂಡು, ಸಂಜೆಯ ಹೊತ್ತಿಗೆ ಅದರ ಮೇಲೆಯೇ ಕೂತು ಮನೆಗೆ ಬಂದಿದ್ದಳು. ಆಗಿನಿಂದ ಡೇರಿಗೆ ಹಾಲು ಹೋಗುವುದು ಅದರಲ್ಲೇ, ಹಿಂದೆ ಎರಡು ಕಡೆಗೂ ಕ್ಯಾನು ನೇತುಹಾಕಿಕೊಂಡು. ಮುಚ್ಚಳದ ಅಂಚಿನಿಂದ ಒಂದು ಹನಿಯೂ ಚೆಲ್ಲುವುದಿಲ್ಲ. ಮುನಿರಾಜು ದಿನವೂ ಹಟ್ಟಿಯ ಬಾಗಿಲಲ್ಲಿ ನಿಂತು ಅವಳು ತಿರುವು ದಾಟುವವರೆಗೂ ನೋಡುತ್ತಿದ್ದ. ನೋಡುತ್ತೇನೆ ಎಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ರಾಜ್‌ಕುಮಾರ್ ಸ್ಟ್ಯಾಂಡನ್ನು ಡಿಕ್ಕಿಗೆ ಒರಗಿಸಿ, ಪಟ್ಟಿಗಳನ್ನು ಮೇಲೆ ಕೆಳಗೆ ಕೊಕ್ಕೆ ಹಾಕಿ ಎಳೆದು ಬಿಗಿದ. ಹೊರಕ್ಕೆ ಚಾಚಿದ ಎರಡು ಕೈಗಳು, ಅವುಗಳ ಮೇಲೆ ರಬ್ಬರಿನ ತೊಟ್ಟಿಲಿನಂಥ ಹಿಡಿಕೆ. ಸೈಕಲ್ಲನ್ನು ಎತ್ತಿ ಹಿಡಿದವನು ಹಾಗೆಯೇ ನಿಂತ.

"ಏನಾಯ್ತು?" ಎಂದ ಮುನಿರಾಜು.

"ಅಣ್ಣಾ, ಇದು ಲೇಡೀಸ್ ಸೈಕಲ್ಲು."

"ಎಂಗಸ್ರುದೇ ಅಲ್ವಾ ಮತ್ತೆ, ಇನ್ಯಾರ್ದು?"

"ಅದಲ್ಲಣ್ಣ. ಸೀಟಿನಿಂದ ಆಂಡ್ಲಿಗೆ ಅಡ್ಡ ಪೈಪು ಇರುತ್ತಲ್ಲ, ಸ್ಟ್ಯಾಂಡು ಇಡಿಯೋದು ಅದನ್ನೇ. ಇದ್ರಲ್ಲಿ ಪೈಪೇ ಇಲ್ಲ. ಎಲ್ಲಿ ನೇತಾಕ್ಲಿ?"

ಬಗ್ಗಿದ ಪೈಪನ್ನೇ ಹಿಡಿಕೆಗೆ ಸಿಕ್ಕಿಸಿ ನೋಡಿದರು. ಸೈಕಲ್ಲು ಮೂಗು ಕೆಳಗೆ ಮಾಡಿ ಜಾರಿತು. ತಿರುಗಿಸಿ ಹಾಕಿದರು. ಪೆಡಲು ಗಾಜಿಗೆ ತಗುಲಿತು, ಚಕ್ರ ನೆಲ ಮುಟ್ಟುವಷ್ಟು ಇಳಿಯಿತು. ಹಗ್ಗ ಕಟ್ಟಿದರು. ಮುನಿರಾಜು ಒಮ್ಮೆ ಅಲ್ಲಾಡಿಸಿದ. ಹ್ಯಾಂಡಲ್ಲು ಗಿರ್ರನೆ ತಿರುಗಿ ರಾಜ್‌ಕುಮಾರನ ಪಕ್ಕೆಗೆ ಬಡಿಯಿತು.

"ಅಯ್ಯೋ ಸಾಮಿ! ಇದು ರೇಸಿಗೆ ಮುಂಚೆ ನನ್ನೇ ಕೆಡುವ್ತದೆ!"

ಶ್ಯಾಮಲ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಮುನಿರಾಜುವಿಗೆ ನಗು ಬರಲಿಲ್ಲ. ಇಷ್ಟು ವಿಡಿಯೊ ನೋಡಿದವನಿಗೆ, ದಿನವೂ ಕಣ್ಣೆದುರಿಗೇ ಇರುವ ಸೈಕಲ್ಲಿಗೆ ಅಡ್ಡ ಪೈಪಿಲ್ಲವೆಂಬುದು ಹೊಳೆದಿರಲಿಲ್ಲ.

"ಇದಕ್ಕೇ ಅಂತ ಬಿಡಿ ಪೈಪು ಸಿಗುತ್ತೆ," ಎಂದ ರಾಜ್‌ಕುಮಾರ್ ಪಕ್ಕೆ ಉಜ್ಜಿಕೊಳ್ಳುತ್ತ. "ಸೀಟಿಗೂ ಆಂಡ್ಲಿಗೂ ನಡುವೆ ಸಿಕ್ಸೋದು. ತರ್ಸಿ ಕೊಡ್ತೀನಿ, ಆದ್ರೆ ಸೋಮವಾರ."

"ನಾಳೆ ರೇಸು ಕಣಪ್ಪ! ಬಿಚ್ಚು, ಆ ಬಾಕ್ಸು ಬಿಚ್ಚು. ಸೀಟು ಮಡ್ಸಿ ಒಳ್ಗೇ ಆಕಾನ."

"ಈಗ ತಾನೆ ಒಡ್ದಿದ್ದೀನಿ! ಸೀಟಲ್ಲಿ ತೂತು ಉಳೀತದಲ್ಲಣ್ಣ."

"ಉಳ್ಕೊಳ್ಳಿ ಬುಡು."

ರಾಜ್‌ಕುಮಾರನ ಮುಖ ಸಣ್ಣದಾಯಿತು. ಸ್ಕ್ರೂಡ್ರೈವರು ಎತ್ತಿಕೊಂಡ. ಶ್ಯಾಮಲ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. "ತಡಿಯಪ್ಪ ರಾಜ್‌ಕುಮಾರು. ಬಿಚ್ಚೋಕ್ ಮುಂಚೆ ಒಂದ್ಸಲ ಆಕು, ಎಂಗ್ ಬತ್ತದೆ ನೋಡಾನ," ಎಂದಳು.

ರಾಜ್‌ಕುಮಾರ್ ಒಂದು ಹಳೆಯ ಹಾಡು ಹಾಕಿದ. ಮನೆಯಲ್ಲಿ ಹಾಲು ಕರೆಯುವಾಗ ಮುನಿರಾಜು ಫೋನನ್ನು ಗೂಟಕ್ಕೆ ನೇತುಹಾಕಿ ಕೇಳುತ್ತಿದ್ದ ಹಾಡು. ಶ್ಯಾಮಲ ಕಣ್ಣು ಅರೆಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಾದಮೇಲೆ ಬಾಗಿಲಿನ ಪ್ಯಾಡಿಗೆ ಅಂಗೈ ಒತ್ತಿದಳು.

"ಇದೇನಿದು, ಇಂದೆ ಒಬ್ರು ತಬಲ ಬಾರುಸ್ತಾವ್ರೆ. ನಿಮ್ ಫೋನಲ್ಲಿ ಇವ್ರು ಇರ್ಲೇ ಇಲ್ವಲ್ಲ?"

"ಇದ್ರು. ಕೇಳ್ತಿರ್ಲಿಲ್ಲ," ಎಂದ ಮುನಿರಾಜು.

"ಬಾಕ್ಸು ಇರ್ಲಿ ಬುಡಿ," ಎಂದು ಶ್ಯಾಮಲ ಇಳಿದಳು.

ಬಂತು, ಇವಳು ಕಾಯುತ್ತಿದ್ದ ನೆಪ ಬಂತು, ಅದನ್ನು ನಾನೇ ಕೈಯಾರೆ ಮಾಡಿಕೊಟ್ಟೆ ಎಂದುಕೊಂಡ ಮುನಿರಾಜು. "ಇರ್ಲಿ ಅಂದ್ರೆ ಎಂಗೆ? ನಾಳೆ ಸೈಕಲ್ಲು ಎಂಗೆ ಓಗದು?"

"ಸೈಕಲ್ಲು ಓಗಾಕೇನು, ಬೆಳಿಗ್ಗೆ ಹಾಲಿನ ಗಾಡಿ ಬಂಗಾರಪೇಟೆ ಮೇಲೇ ಓಯ್ತದಲ್ಲ, ಕ್ಯಾನಿನ ಪಕ್ಕ ಆಕ್ಬುಟ್ರೆ ಆಯ್ತು. ಸೈಕಲ್ ಚಿಂತೆ ನಿಮ್ಗೆ. ನಾನ್ ಓಗ್ಬೇಕೋ ಬ್ಯಾಡ್ವೋ ಅನ್ನಾದೇ ನಂಗ್ ಗೊತ್ತಾಯ್ತಿಲ್ಲ."

ಹಾಲಿನ ಗಾಡಿ! ದಿನವೂ ತಮ್ಮ ಮನೆಯ ಹಾಲನ್ನೇ ಹೊತ್ತೊಯ್ಯುವ ಗಾಡಿ. ಮುನಿರಾಜು ಸ್ಟ್ಯಾಂಡಿನ ಪಟ್ಟಿ ಬಿಚ್ಚತೊಡಗಿದ.

ಶ್ಯಾಮಲ ಸೈಕಲ್ಲಿನ ಸೀಟನ್ನು ಅಂಗೈಯಿಂದಲೇ ಒರೆಸಿದಳು. "ಪೆದ್ದಮ್ಮ ನಕ್ಕಿದ್ದು ತಪ್ಪಲ್ಲ. ಅಲ್ಲಿಗೆ ಬರೋರೆಲ್ಲ ಎಂಥೋರೋ, ಏನೋ. ನಾನು ಅರ್ಧ ದಾರೀಲಿ ಇಳ್ದು ತಳ್ಕೊಂಡ್ ಬಂದ್ರೆ?" ಎಂದಳು. ಪೆಡಲನ್ನು ಕಾಲಿನಿಂದ ಒಮ್ಮೆ ತಿರುಗಿಸಿ, "ಒಂದ್ ಕೆಲ್ಸ ಮಾಡಾನ. ಊರಿಗೆ ಮುಂಚೆ ಬಂಡೆ ದಿಣ್ಣೆ ಐತಲ್ಲ, ಪೇಟೆಗ್ ಬಂದಾಗೆಲ್ಲ ವಾಪಸ್ಸು ಅಲ್ಲಿ ಇಳ್ದು ತಳ್ಕೊಂಡೇ ನಾನು ಓಗದು. ಈಗ ಇಲ್ಲಿಂದ ತುಳ್ಕೊಂಡ್ ಓಯ್ತೀನಿ. ಇಳೀದೆ ಏರಿದ್ರೆ ನಾಳೆ ರೇಸಿಗೆ ಓಗದು, ಸೋಮವಾರ ಆ ಪೈಪೂ ಸ್ಟ್ಯಾಂಡೂ ತಕೊಳ್ಳಾದು. ಇಳುದ್ರೆ ಎರಡೂ ಬ್ಯಾಡ. ನೀವು ಆಮೇಲೆ ಒಂದು ಮಾತೂ ಆಡ್ಬಾರ್ದು," ಎಂದಳು.

"ಸ್ಟ್ಯಾಂಡು ಎತ್ತಿಟ್ಟಿರ್ತೀನಿ ಅಕ್ಕ," ಎಂದ ರಾಜ್‌ಕುಮಾರ್. "ಬೇರೆ ಯಾರಿಗೂ ಕೊಡಲ್ಲ."

ಅವಳು ಹೊರಟಳು. ಮುನಿರಾಜು ಕಾರು ತೆಗೆದು ಹಿಂದೆಯೇ ಹೊರಟ. ಮಾರ್ಕೆಟ್ಟಿನ ಜನದ ನಡುವೆ, ಆಟೊಗಳ ನಡುವೆ ಅವಳ ಜಡೆಗಂಟು ಮಾತ್ರ ಕಾಣುತ್ತಿತ್ತು. ಮೈಸೂರು ಮೈನ್ಸಿನ ಸಾಲು ಮನೆಗಳು ಕಳೆದವು. ಚಿನ್ನದ ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಬೂದು ಮಗ್ಗುಲು ಸಂಜೆಯ ಬಿಸಿಲಿಗೆ ಹಳದಿ ತಿರುಗಿತ್ತು. ಆಮೇಲೆ ರಾಗಿ ಹೊಲ, ಟೊಮೆಟೊ ಕಡ್ಡಿಗಳ ಸಾಲು, ಕ್ಯಾಸಂಬಳ್ಳಿಯ ಕಡೆಯ ರಸ್ತೆ. ಹಟ್ಟಿಯ ಬಾಗಿಲಿನಿಂದ ತಿರುವಿನವರೆಗೆ ಮಾತ್ರ ನೋಡಿ ಅಭ್ಯಾಸವಿದ್ದವನು ಇವತ್ತು ಇಷ್ಟು ದೂರ ನೋಡುತ್ತಿದ್ದ. ಅವಳು ಎಲ್ಲಿಯೂ ಆತುರಪಡುತ್ತಿರಲಿಲ್ಲ. ಗುಂಡಿ ಬರುವ ಮೊದಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಬಸ್ಸು ಹಾರ್ನು ಹೊಡೆದರೆ ಬದಿಗೆ ಸರಿದು, ಮಣ್ಣಿಗೆ ಇಳಿಯದೆ, ಟಾರಿನ ಅಂಚಿನಲ್ಲೇ ಗೆರೆ ಎಳೆದ ಹಾಗೆ ಹೋಗುತ್ತಿದ್ದಳು.

ದಿಣ್ಣೆ ಶುರುವಾಯಿತು. ಮುನಿರಾಜು ಹಾಡು ನಿಲ್ಲಿಸಿದ. ಎರಡನೆಯ ಗೇರು, ಆಮೇಲೆ ಮೊದಲನೆಯ ಗೇರು. ಶ್ಯಾಮಲ ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದಳು. ಬೆನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದಿನಿಂದ ಟೆಂಪೊದವನು ಪಕ್ಕಕ್ಕೆ ಬಂದು, "ಏನಣ್ಣಾ, ಗಾಡಿ ಕೆಟ್ಟೋಯ್ತಾ?" ಎಂದು ಕೂಗಿದ. ಮುನಿರಾಜು ಕಿಟಕಿಯಿಂದ ಕೈ ಹೊರಹಾಕಿ, ಹೋಗು ಹೋಗು ಎಂದು ಬೀಸಿದ.

ಅರ್ಧ ದಿಣ್ಣೆಯಲ್ಲಿ ಎಡಗಡೆಯ ಬೇಲಿ ಸಂದಿನಿಂದ ಕುರಿಮಂದೆ ರಸ್ತೆಗೆ ಇಳಿಯಿತು. ಕುರಿ ಕಾಯುವವನು ಹಿಂದೆ ಎಲ್ಲೋ ಇದ್ದ. ಶ್ಯಾಮಲ ಬೆಲ್ಲು ಒತ್ತಿದಳು. ಕುರಿಗಳು ಕೇಳಲಿಲ್ಲ. ಇಳಿದಳು, ಈಗ ಇಳಿದಳು ಎಂದು ಮುನಿರಾಜು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಸೈಕಲ್ಲು ಓಲಾಡಿತು. ಒಂದು ಕುರಿಯ ಬೆನ್ನಿಗೆ ಅವಳ ಮೊಣಕಾಲು ತಗುಲಿತು. "ಏಯ್, ತ್ರೂ, ತ್ರೂ!" ಎಂದು ಅವಳ ದನಿ ಕೇಳಿತು. ಉಣ್ಣೆಯ ಬೆನ್ನುಗಳ ನಡುವೆ ಒಂದು ಸಂದು ಬಿಟ್ಟಿತು, ಅವಳು ಅದರೊಳಗೆ ನುಗ್ಗಿದಳು, ಅವಳ ಹಿಂದೆಯೇ ಸಂದು ಮುಚ್ಚಿಕೊಂಡಿತು. ಕಾರು ನಿಂತಿತು. ಕುರಿಗಳು ಬಾನೆಟ್ಟಿಗೆ ಮೈ ಉಜ್ಜಿಕೊಂಡು ದಾಟತೊಡಗಿದವು. ಎದ್ದ ಧೂಳಿನಲ್ಲಿ ಮುಂದೇನೂ ಕಾಣಲಿಲ್ಲ.

ಇದ್ದಕ್ಕಿದ್ದ ಹಾಗೆ ನಾಲ್ಕೂ ಬಾಗಿಲುಗಳಿಂದ ಫೋನಿನ ಗಂಟೆ ಮೊಳಗಿತು. ಮುನಿರಾಜು ಬೆಚ್ಚಿಬಿದ್ದು, ರಾಜ್‌ಕುಮಾರ್ ತೋರಿಸಿಕೊಟ್ಟಿದ್ದ ಗುಂಡಿಯನ್ನು ತಡಕಾಡಿ ಒತ್ತಿದ.

"ಅಣ್ಣಾ!" ರಾಜ್‌ಕುಮಾರನ ದನಿ ಕಾರಿನ ತುಂಬ ಗುಡುಗಿತು. ಎರಡು ಕುರಿಗಳು ಹಾರಿ ಬೇಲಿಗೆ ಬಿದ್ದವು. "ಅಕ್ಕ ಏರಿದ್ರಾ?"

"ಕಾಣ್ತಿಲ್ಲ ಕಣ್ಲಾ! ಕುರಿ ಅಡ್ಡ ಬಂದವೆ!"

"ಕುರಿಯಾ? ಇಳಿದ್ರಾ ಅಕ್ಕ?"

"ಗೊತ್ತಿಲ್ಲ, ತಡಿಯಪ್ಪ!"

ಕೊನೆಯ ಕುರಿ ದಾಟಿತು. ಕ್ಲಚ್ಚು ಬಿಟ್ಟು ಮುನಿರಾಜು ಕಾರನ್ನು ಏರಿಸಿದ. ದಿಣ್ಣೆಯ ಉಳಿದ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುವ ಯಾರೂ ಇರಲಿಲ್ಲ. ನೆತ್ತಿಯ ಬಂಡೆಯ ಪಕ್ಕದಲ್ಲಿಯೂ ಇರಲಿಲ್ಲ. ನೆತ್ತಿ ದಾಟಿದ ಕೂಡಲೇ ಬ್ರೇಕು ಒತ್ತಿದ. ರಸ್ತೆ ಎದುರಿಗೆ ಒಂದೇ ಸಮನೆ ಇಳಿದು, ಕೆಳಗಿನ ಹೊಲಗಳವರೆಗೆ ಖಾಲಿಯಾಗಿ ಬಿದ್ದಿತ್ತು.

"ಅಣ್ಣಾ? ಇದ್ದೀಯಾ ಲೈನಲ್ಲಿ?"

ದೂರದ ತಳದಲ್ಲಿ, ಹುಣಸೆಮರದ ನೆರಳಿನ ಹತ್ತಿರ, ಶ್ಯಾಮಲ ಸೀಟಿನ ಮೇಲೆಯೇ ಕೂತು ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು. ತಳ್ಳಿಕೊಂಡು ಬಂದಿದ್ದರೆ ಇಷ್ಟು ಹೊತ್ತಿಗೆ ನೆತ್ತಿಯನ್ನೂ ಮುಟ್ಟಿರುತ್ತಿರಲಿಲ್ಲ. ಕಣ್ಣಿಗೆ ಕೈ ಮರೆಮಾಡಿಕೊಂಡು ದಿಣ್ಣೆಯ ಮೇಲಕ್ಕೆ ನೋಡುತ್ತಿದ್ದಳು, ಗಾಡಿ ಎಲ್ಲಿ ನಿಂತುಹೋಯಿತೋ ಎಂದು ಹುಡುಕುವವಳ ಹಾಗೆ.